ಕಲಿಯುವವನ ಕೂಲಿ

ನಮ್ಮ ಸರಕಾರಿ ಕಚೇರಿಗಳಲ್ಲಿ ಹಿಂದೆ 'ಉಮೇದುವಾರ' ಎಂಬುವನೊಬ್ಬನಿರುತ್ತಿದ್ದ. ಅವನಿಗೆ ಸಂಬಳವಿಲ್ಲ, ಮೇಜಿಲ್ಲ; ಕಾಗದಗಳನ್ನು ನಕಲು ಮಾಡುತ್ತ, ಹಿರಿಯ ಗುಮಾಸ್ತರಿಗೆ ಎಲೆಯಡಿಕೆ ತಂದುಕೊಡುತ್ತ, ಇಂದಲ್ಲ ನಾಳೆ ಒಂದು ಜಾಗ ಖಾಲಿಯಾದೀತೆಂದು ಕಾದಿರುವುದೇ ಅವನ ಉದ್ಯೋಗ. ಉಮೇದು ಎಂದರೆ ಆಸೆ. ಆಸೆಯೇ ಅವನ ಸಂಬಳ. ಈಗ ಆ ಅರ್ಥದಲ್ಲಿ ಆ ಮಾತು ಬಳಕೆಯಲ್ಲಿಲ್ಲ. ಚುನಾವಣೆಗೆ ನಿಂತವರನ್ನು ಮಾತ್ರ ನಾವು ಹಾಗೆ ಕರೆಯುತ್ತೇವೆ. ಆದರೆ ಆ ಮನುಷ್ಯ ಮರೆಯಾಗಿಲ್ಲ. 'ಇಂಟರ್ನ್' ಎಂಬ ಹೊಸ ಹೆಸರಿಟ್ಟುಕೊಂಡು ಅವನು ವಕೀಲರ ಕೊಠಡಿಯಲ್ಲಿ, ಪತ್ರಿಕಾಲಯದಲ್ಲಿ, ನಾಟಕದ ತಂಡದಲ್ಲಿ ಓಡಾಡಿಕೊಂಡಿದ್ದಾನೆ; ಅವಳೂ ಓಡಾಡಿಕೊಂಡಿದ್ದಾಳೆ.

ಇವರನ್ನು ನೋಡಿದಾಗ ಏಳುವ ಪ್ರಶ್ನೆ ಹಳೆಯದು. ಕಲಿಯಲು ಬಂದವನಿಂದ ಕಲಿಸುವವನು ಎಷ್ಟು ದುಡಿಮೆ ಪಡೆಯಬಹುದು? ಎಲ್ಲಿಯವರೆಗೆ ಅದು ಶಿಕ್ಷಣ, ಎಲ್ಲಿಂದಾಚೆಗೆ ಅದು ಬಿಟ್ಟಿ ಚಾಕರಿ? ಪ್ರಶ್ನೆ ಎಲ್ಲ ಕಸುಬಿಗೂ ಸೇರಿದ್ದಾದರೂ ನಾಟಕದ ಕಸುಬಿನಲ್ಲಿ ಅದರ ಮೊನೆ ಹೆಚ್ಚು ಹರಿತ. ಅಲ್ಲಿ ಹಣ ಕಡಿಮೆ, ಮೋಹ ಹೆಚ್ಚು. ಮೋಹಗೊಂಡವನು ಕೂಲಿ ಕೇಳುವುದಿಲ್ಲ. ಕೇಳಿದರೆ ತನ್ನ ಭಕ್ತಿಗೆ ಕುಂದು ಬಂದೀತೆಂದು ಅವನಿಗೇ ಅಂಜಿಕೆ.

ಮೊದಲು ಒಂದು ಮಾತನ್ನು ಒಪ್ಪಿಬಿಡಬೇಕು. ನಾಟಕವನ್ನು ಮಾಡಿಯೇ ಕಲಿಯಬೇಕಲ್ಲದೆ ಓದಿ ಕಲಿಯಲಾಗುವುದಿಲ್ಲ. ನಮ್ಮ ವೃತ್ತಿ ಕಂಪೆನಿಗಳು ಪಠ್ಯಪುಸ್ತಕವಿಲ್ಲದ ಪಾಠಶಾಲೆಗಳಾಗಿದ್ದವು. ೧೮೮೪ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಸಂಘಕ್ಕೆ ವೀರಣ್ಣನವರು ಸೇರಿದ್ದು ಎಳೆಯ ಹುಡುಗನಾಗಿ; ಮುಂದೆ ಅದರ ಒಡೆಯರಾದವರೂ ಅವರೇ. ಶಾಲೆಯ ಮುಖವನ್ನು ಹೆಚ್ಚಾಗಿ ಕಾಣದ ಮುತ್ತುರಾಜ ಎಂಬ ಹುಡುಗ ನಟನಾದ ತಂದೆಯ ಬೆನ್ನುಹಿಡಿದು ಅದೇ ಕಂಪೆನಿಯ ನೆರಳಿನಲ್ಲಿ ಬೆಳೆದು, ಮುಂದೆ ರಾಜ್‌ಕುಮಾರ್ ಎಂದು ನಾಡಿಗೆಲ್ಲ ಪರಿಚಿತನಾದ. ಮಾತಿನ ಸ್ಪಷ್ಟತೆ, ಹಾಡಿನ ಹಿಡಿತ, ಸಾವಿರ ಜನರ ಮುಂದೆ ನಿಲ್ಲುವ ಎದೆಗಾರಿಕೆ, ಇವನ್ನು ಅವರಿಗೆ ಯಾವ ತರಗತಿಯೂ ಕಲಿಸಲಿಲ್ಲ. ರಾತ್ರಿ ರಾತ್ರಿ ನಡೆದ ಆಟವೇ ಕಲಿಸಿತು.

ಕಂಪೆನಿಗೆ ಸೇರಿದ ಹುಡುಗನಿಗೆ ಮೊದಲ ದಿನವೇ ಅರ್ಜುನನ ಪಾತ್ರ ಸಿಕ್ಕುತ್ತಿರಲಿಲ್ಲ. ಪರದೆಯ ಹಗ್ಗ ಎಳೆಯುವುದು, ಪೆಟ್ಟಿಗೆ ಹೊರುವುದು, ದೊಡ್ಡವರ ಕಿರೀಟಕ್ಕೆ ಹೊಳಪು ಕೊಡುವುದು ಅವನ ಪಾಲಿಗೆ. ಕಂಠ ಚೆನ್ನಾಗಿದ್ದರೆ ಲೋಹಿತಾಶ್ವನೋ ಪ್ರಹ್ಲಾದನೋ ಆದಾನು. ಸೈಡ್ ವಿಂಗಿನ ಮರೆಯಲ್ಲಿ ನಿಂತು ಮಾತು ಒದಗಿಸುವ ಕೆಲಸ ಸಿಕ್ಕರೆ ಅದು ದೊಡ್ಡ ಭಾಗ್ಯ. ಅಲ್ಲಿ ನಿಂತವನಿಗೆ ಒಂದು ಪಾತ್ರವಲ್ಲ, ಇಡೀ ನಾಟಕವೇ ಬಾಯಿಗೆ ಬರುತ್ತದೆ. ಯಾವ ಮಾತಿಗೆ ಜನ ನಗುತ್ತಾರೆ, ಎಲ್ಲಿ ಮೌನವಾಗುತ್ತಾರೆ, ಹಿರಿಯ ನಟನು ಮರೆತ ಮಾತನ್ನು ಹೇಗೆ ಜಾಣತನದಿಂದ ದಾಟಿಸುತ್ತಾನೆ ಎಂಬುದೆಲ್ಲ ಕಾಣುತ್ತದೆ.

ಯಕ್ಷಗಾನದ ಮೇಳಗಳಲ್ಲಂತೂ ಈ ಕಲಿಕೆಗೆ ಒಂದು ಏಣಿಯೇ ಇತ್ತು. ಹೊಸ ಹುಡುಗ ಪೂರ್ವರಂಗದಲ್ಲಿ ಕೋಡಂಗಿಯಾಗಿ ಕುಣಿಯಬೇಕು. ಆ ಹೊತ್ತಿಗೆ ಜನ ಇನ್ನೂ ನೆರೆದಿರುವುದಿಲ್ಲ. ಹೆಜ್ಜೆ ತಪ್ಪಿದರೂ ಆಟ ಕೆಡುವುದಿಲ್ಲ. ಹೆಜ್ಜೆ ಕುದುರಿದ ಮೇಲೆ ಬಾಲಗೋಪಾಲ, ಆಮೇಲೆ ಪೀಠಿಕೆಯ ಸ್ತ್ರೀವೇಷ, ಅನಂತರ ಪ್ರಸಂಗದೊಳಗಿನ ಸಣ್ಣ ವೇಷ. ಚೌಕಿಯಲ್ಲಿ ಕುಳಿತು ಹಿರಿಯರು ಬಣ್ಣ ಬರೆದುಕೊಳ್ಳುವುದನ್ನು ನೋಡುತ್ತಲೇ ಅವನ ಕೈಗೂ ಬಣ್ಣ ಬರುತ್ತದೆ. ಇದನ್ನು ಏರ್ಪಡಿಸಿದವರು ಯಾರೋ ತಿಳಿಯದು. ಆದರೆ ಅವರು ಶಿಕ್ಷಣದ ಮರ್ಮ ಬಲ್ಲವರು. ಕಲಿಯುವವನಿಗೆ ತಪ್ಪು ಮಾಡಲು ಒಂದು ಜಾಗ ಬೇಕು. ಆ ಜಾಗ ನಿಜವಾದ ರಂಗದ ಮೇಲೆಯೇ ಇರಬೇಕು. ಈಗ ಕಾಲಮಿತಿಯ ಆಟಗಳು ಬಂದು ಪೂರ್ವರಂಗ ಮೊಟಕಾಗಿದೆ. ನೋಡುವವರಿಗೆ ಇದರಿಂದ ನಷ್ಟವಿಲ್ಲದಿರಬಹುದು. ಏಣಿಯ ಕೆಳಗಿನ ಮೆಟ್ಟಿಲು ಮುರಿದದ್ದು ಕಲಿಯುವ ಹುಡುಗನಿಗೆ ಮಾತ್ರ ಗೊತ್ತಾಗುತ್ತದೆ.

ಆದುದರಿಂದ ರಂಗ ಗುಡಿಸುವುದೂ ಒಂದು ಪಾಠ ಎಂಬ ಮಾತು ಸುಳ್ಳಲ್ಲ. ಹೆಗ್ಗೋಡಿನ ನೀನಾಸಮ್‌ನಲ್ಲಿ ೧೯೮೦ರಲ್ಲಿ ರಂಗಶಿಕ್ಷಣ ಕೇಂದ್ರ ಪ್ರಾರಂಭವಾಯಿತು. ೧೯೮೫ರಿಂದ 'ತಿರುಗಾಟ' ಹೊರಟಿತು. ತಿರುಗಾಟದ ನಟರು ಊರಿಂದೂರಿಗೆ ಹೋಗಿ, ತಾವೇ ಸಾಮಾನು ಇಳಿಸಿ, ತಾವೇ ರಂಗ ಕಟ್ಟಿ, ದೀಪ ಜೋಡಿಸಿ, ಆಟವಾದ ಮೇಲೆ ಎಲ್ಲವನ್ನೂ ಬಿಚ್ಚಿ ಮತ್ತೆ ಹೇರುತ್ತಾರೆ. ರಾಜನ ಪಾತ್ರ ಮಾಡಿದವನಿಗೂ ಮೂಟೆ ತಪ್ಪಿದ್ದಲ್ಲ. ತಾನು ನಿಲ್ಲುವ ಹಲಗೆಯನ್ನು ತಾನೇ ಹೊತ್ತು ತಂದವನು ಅದರ ಮೇಲೆ ಬೇರೆಯೇ ರೀತಿಯಲ್ಲಿ ನಿಲ್ಲುತ್ತಾನೆ ಎಂದು ಹೇಳಿದರೆ ಅತಿಶಯೋಕ್ತಿಯಲ್ಲ.

ಆದರೆ 'ಗುಡಿಸುವುದೂ ಪಾಠ' ಎಂಬ ಮಾತನ್ನು ಯಾರ ಬಾಯಿಂದ ಕೇಳುತ್ತಿದ್ದೇವೆ ಎಂಬುದನ್ನು ಗಮನಿಸಬೇಕು. ಗುಡಿಸಿದವನು ಹತ್ತು ವರ್ಷವಾದ ಮೇಲೆ ಹಾಗೆಂದರೆ ಅದು ಅನುಭವ. ಗುಡಿಸುವ ಆಳಿನ ಕೂಲಿ ಉಳಿಸಿಕೊಂಡವನು ಅದೇ ಮಾತನ್ನು ಆಡಿದರೆ ಕೊಂಚ ಅನುಮಾನಿಸುವುದು ಒಳ್ಳೆಯದು. ಲಾಭ ಪಡೆಯುವವನೇ ನ್ಯಾಯ ಹೇಳುವವನೂ ಆದಾಗ ತಕ್ಕಡಿ ಅವನ ಕಡೆಗೆ ವಾಲುವುದು ಸಹಜ. ಅವನು ಕೆಟ್ಟವನಾಗಬೇಕೆಂದೇನೂ ಇಲ್ಲ.

ಈ ಕಷ್ಟ ನಮ್ಮ ನಾಡಿಗಷ್ಟೇ ಸೇರಿದ್ದಲ್ಲ. ಷೇಕ್ಸ್‌ಪಿಯರನ ಕಾಲದ ಲಂಡನ್ನಿನಲ್ಲಿ ಸ್ತ್ರೀಪಾತ್ರಗಳನ್ನು ಹುಡುಗರೇ ಮಾಡಬೇಕಾಗಿತ್ತು. ಅಂಥ ಹುಡುಗರ ಕಥೆ ಅಲ್ಲಿ ಎರಡು ಬಗೆಯಾಗಿ ಉಳಿದುಬಂದಿದೆ. ರಾಜರ ಪ್ರಾರ್ಥನಾಮಂದಿರದ ಗಾಯನಕ್ಕೆಂದು ಒಳ್ಳೆಯ ಕಂಠದ ಹುಡುಗರನ್ನು ಎಲ್ಲಿಂದಲಾದರೂ ತೆಗೆದುಕೊಳ್ಳುವ ಅಧಿಕಾರ ಅಲ್ಲಿನ ಸಂಗೀತದ ಅಧಿಕಾರಿಗಿತ್ತು. ಆ ಅಧಿಕಾರದ ಹೆಸರಿನಲ್ಲಿ ೧೬೦೦ನೆಯ ಇಸವಿಯಲ್ಲಿ, ಶಾಲೆಗೆ ಹೋಗುತ್ತಿದ್ದ ಥಾಮಸ್ ಕ್ಲಿಫ್ಟನ್ ಎಂಬ ಹುಡುಗನನ್ನು ದಾರಿಯಿಂದಲೇ ಹಿಡಿದು ಬ್ಲ್ಯಾಕ್‌ಫ್ರಯರ್ಸ್ ನಾಟಕಶಾಲೆಗೆ ಒಯ್ದರು. ಕೈಗೆ ಒಂದು ಪಾಠದ ಸುರುಳಿ ಕೊಟ್ಟು, ಬಾಯಿಪಾಠ ಮಾಡದಿದ್ದರೆ ಚಾಟಿಯೇಟೆಂದು ಹೆದರಿಸಿದರೆಂದು ಅವನ ತಂದೆ ಕೊಟ್ಟ ದೂರಿನಲ್ಲಿದೆ. ತಂದೆ ಅನುಕೂಲಸ್ಥ, ದೊಡ್ಡವರಿಂದ ಹೇಳಿಸಿ ಮಗನನ್ನು ಬಿಡಿಸಿಕೊಂಡ. ಹಾಗೆ ಹೇಳಿಸಲು ಯಾರೂ ಇಲ್ಲದವರ ಮಕ್ಕಳು ಅಲ್ಲಿಯೇ ಉಳಿದರು. ಹೆಸರು ಗಾಯನದ ಶಿಕ್ಷಣ. ಗಳಿಕೆ ನಾಟಕದ ಟಿಕೀಟಿನದು.

ಇನ್ನೊಂದು ಕಥೆ ಅದೇ ಊರಿನದು, ಐದು ವರ್ಷ ಈಚಿನದು. ಷೇಕ್ಸ್‌ಪಿಯರನ ಕಂಪೆನಿಯಲ್ಲಿಯೇ ಆಗಸ್ಟಿನ್ ಫಿಲಿಪ್ಸ್ ಎಂಬ ನಟನಿದ್ದ. ಅಂಥ ನಟರು ಹುಡುಗರನ್ನು ಇಷ್ಟು ವರ್ಷವೆಂದು ಕರಾರು ಮಾಡಿ, ತಮ್ಮ ಮನೆಯಲ್ಲಿಯೇ ಅನ್ನ ವಸತಿ ಕೊಟ್ಟು ಕಲಿಸುತ್ತಿದ್ದರು. ೧೬೦೫ರಲ್ಲಿ ಫಿಲಿಪ್ಸ್ ಬರೆಸಿದ ಮರಣಪತ್ರದಲ್ಲಿ ಸ್ಯಾಮ್ಯುಅಲ್ ಗಿಲ್ಬರ್ನ್ ಎಂಬ ತನ್ನ ಹಿಂದಿನ ಶಿಷ್ಯನಿಗೆ ೪೦ ಷಿಲಿಂಗು, ತನ್ನ ಉಡುಪುಗಳು, ಕತ್ತಿ ಮತ್ತು ಒಂದು ತಂತಿವಾದ್ಯ. ಜೇಮ್ಸ್ ಸ್ಯಾಂಡ್ಸ್ ಎಂಬ ಆಗಿನ ಶಿಷ್ಯನಿಗೆ, ಅವನ ಕರಾರು ಮುಗಿದ ದಿನ ಕೊಡತಕ್ಕದ್ದೆಂದು, ೪೦ ಷಿಲಿಂಗು ಮತ್ತು ಮೂರು ವಾದ್ಯಗಳು. ಗಮನಿಸಬೇಕಾದ್ದು ಹಣವಲ್ಲ, ವಾದ್ಯಗಳು. ಕಲಿತ ವಿದ್ಯೆ ನಡೆಸಲು ಬೇಕಾದ ಸಲಕರಣೆಯನ್ನು ಗುರು ಸಾಯುವ ಹೊತ್ತಿನಲ್ಲಿ ನೆನಪಿಟ್ಟುಕೊಂಡು ಕೊಟ್ಟ. ಇಬ್ಬರು ಶಿಷ್ಯರೂ ತನ್ನ ಹಾಗೆಯೇ ಮುಂದೆ ಈ ಕಸುಬಿನಿಂದ ಬದುಕತಕ್ಕವರು ಎಂಬ ಭಾವನೆ ಆ ಕಾಗದದಲ್ಲಿ ಕಾಣುತ್ತದೆ.

ಎರಡೂ ಕಡೆ ಹುಡುಗರು ಬಾಯಿಪಾಠ ಮಾಡಿದರು, ವೇಷ ಹಾಕಿದರು, ದುಡಿದರು. ವ್ಯತ್ಯಾಸ ಕೆಲಸದಲ್ಲಿಲ್ಲ. ಒಂದು ಕಡೆ ಹುಡುಗನ ನಾಳೆಯನ್ನು ಕುರಿತು ಯೋಚಿಸಿದವರಿದ್ದರು. ಇನ್ನೊಂದು ಕಡೆ ಅವನ ಇಂದಿನ ಕಂಠವಷ್ಟೇ ಬೇಕಾಗಿತ್ತು. ನಮ್ಮ ಹಳೆಯ ಕಂಪೆನಿಗಳಲ್ಲಿಯೂ ಕಂಠವಿರುವ ತನಕ ಮುದ್ದು, ಕಂಠ ಒಡೆದ ಮೇಲೆ ಮೂಲೆ ಎಂಬ ಸ್ಥಿತಿಗೆ ಬಂದ ಹುಡುಗರಿದ್ದರು. ಆ ವ್ಯವಸ್ಥೆಯನ್ನು ಹಾಗೆಯೇ ತರಬೇಕೆಂದು ಯಾರೂ ಹೇಳಲಾರರು. ೨೦೧೬ರ ತಿದ್ದುಪಡಿಯ ಮೇಲೆ ನಮ್ಮ ಕಾನೂನು ೧೪ ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ಇಟ್ಟುಕೊಳ್ಳುವುದನ್ನೇ ನಿಷೇಧಿಸಿದೆ. ಬಾಲನಟರಿಗೆ ಕೊಟ್ಟಿರುವ ವಿನಾಯಿತಿಗೂ ಷರತ್ತುಗಳಿವೆ. ಅದು ಸರಿಯಾದ್ದೇ.

ಹಾಗಾದರೆ ಶಿಕ್ಷಣಕ್ಕೂ ಚಾಕರಿಗೂ ಗೆರೆ ಎಳೆಯುವುದು ಹೇಗೆ? ಎರಡು ಪ್ರಶ್ನೆ ಕೇಳಿಕೊಂಡರೆ ಸಾಕೆಂದು ತೋರುತ್ತದೆ. ಈ ಹುಡುಗ ಮಾಡುತ್ತಿರುವುದನ್ನು ನೋಡಿ ತಿದ್ದುವವರು ಯಾರಾದರೂ ಇದ್ದಾರೆಯೆ? ಇಂದು ಇವನಿಗೆ ಬಾರದ ಯಾವ ಕೆಲಸ ಮುಂದಿನ ವರ್ಷ ಬರುತ್ತದೆ? ಎರಡಕ್ಕೂ ಉತ್ತರ ಕೊಡಬಲ್ಲ ಕಂಪೆನಿ ಎಂಥ ಒರಟು ಕೆಲಸ ಮಾಡಿಸಿದರೂ ಕಲಿಸುತ್ತಿದೆ. ಉತ್ತರವಿಲ್ಲದ ಕಂಪೆನಿ ಎಷ್ಟು ನಯವಾದ ಹೆಸರಿಟ್ಟರೂ ಬಿಟ್ಟಿ ಆಳನ್ನು ಇಟ್ಟುಕೊಂಡಿದೆ. ಏಕಲವ್ಯನ ಕಥೆ ನಮ್ಮನ್ನು ಇಂದಿಗೂ ಚುಚ್ಚುವುದು ಬೆರಳು ಹೋಯಿತೆಂದಷ್ಟೇ ಅಲ್ಲ. ದ್ರೋಣನು ಅವನನ್ನು ಒಂದು ದಿನವೂ ನೋಡಿ ತಿದ್ದಿದವನಲ್ಲ; ಕೊಡದ ವಿದ್ಯೆಗೆ ದಕ್ಷಿಣೆ ಕೇಳಿದ. ಎಲ್ಲಿ ತಿದ್ದುವ ಕಣ್ಣಿಲ್ಲವೋ ಅಲ್ಲಿ ಕೇಳುವ ಸೇವೆಯೆಲ್ಲ ಹೆಬ್ಬೆರಳೇ.

ಇಷ್ಟಾದರೂ ಸಾಲದು. ಕಣ್ಣಿನ ಜತೆಗೆ ಅನ್ನವೂ ಬೇಕು. ಹಳೆಯ ಕಂಪೆನಿಗಳ ದೋಷವನ್ನೆಲ್ಲ ಎಣಿಸಿದ ಮೇಲೂ ಒಂದು ಗುಣ ಉಳಿಯುತ್ತದೆ. ಕಂಪೆನಿಯ ಬಿಡಾರದಲ್ಲಿ ಒಲೆ ಉರಿಯುತ್ತಿತ್ತು. ಸಂಬಳ ಇದ್ದೀತು, ಇಲ್ಲದಿದ್ದೀತು. ಹುಡುಗನಿಗೆ ಊಟ ಇತ್ತು, ಮಲಗಲು ಚಾಪೆಯಿತ್ತು. ಆದುದರಿಂದಲೇ ಬಡವರ ಮಕ್ಕಳು ನಾಟಕಕ್ಕೆ ಬರುವುದು ಸಾಧ್ಯವಾಯಿತು. ಮನೆಯಲ್ಲಿ ಒಂದು ಬಾಯಿ ಕಡಿಮೆಯಾಯಿತೆಂದು ನಿಟ್ಟುಸಿರು ಬಿಟ್ಟ ತಾಯಂದಿರ ಮಕ್ಕಳೇ ಕನ್ನಡ ರಂಗಭೂಮಿಯನ್ನು ಹೊತ್ತವರಲ್ಲಿ ಅನೇಕರು. ಈಗ ನಗರದಲ್ಲಿ ಯಾವುದಾದರೂ ತಂಡ 'ಆರು ತಿಂಗಳು ತರಬೇತಿ, ಸಂಭಾವನೆಯಿಲ್ಲ' ಎಂದು ಕರೆದರೆ ಯಾರು ಬರಬಲ್ಲರು? ಕೊಠಡಿಯ ಬಾಡಿಗೆಯನ್ನು ತಂದೆ ಕಳಿಸಬಲ್ಲವರು. ಹಳ್ಳಿಯ ಕೂಲಿಯವನ ಮಗಳಿಗೆ ಎಷ್ಟೇ ಪ್ರತಿಭೆಯಿರಲಿ, ಆ ಬಾಗಿಲ ಮುಂದೆ ನಿಲ್ಲುವ ಶಕ್ತಿಯಿಲ್ಲ. ಬಾಗಿಲು ತೆರೆದೇ ಇದೆ, ಯಾರನ್ನೂ ತಡೆದಿಲ್ಲ. ಆದರೂ ಅರ್ಧ ನಾಡು ಹೊರಗುಳಿಯುತ್ತದೆ. ಹೀಗೆ ಹೊರಗುಳಿದದ್ದು ಅವಳ ಒಬ್ಬಳ ನಷ್ಟವಲ್ಲ. ಅವಳ ಮಾತಿನ ವರಸೆ, ಅವಳು ಕಂಡ ಬಾಳು ರಂಗದ ಮೇಲೆ ಬರುವುದೇ ಇಲ್ಲ. ಕೊನೆಗೆ ಅನುಕೂಲಸ್ಥರ ಮಕ್ಕಳು ಬಡವರ ವೇಷ ಹಾಕಿ ಅನುಕೂಲಸ್ಥರಿಗೆ ತೋರಿಸುವ ಆಟವಷ್ಟೇ ಉಳಿಯುತ್ತದೆ.

ಕಾರ್ಖಾನೆಯಲ್ಲಿ ಕಲಿಯುವವನಿಗೆ ಕೂಡ ವೇತನ ಕೊಡಬೇಕೆಂದು ೧೯೬೧ರ ಅಪ್ರೆಂಟಿಸ್ ಕಾಯಿದೆ ವಿಧಿಸಿತು. ಕಬ್ಬಿಣ ಕಾಯಿಸಲು ಕಲಿಯುವವನ ಹೊಟ್ಟೆಗೆ ಇರುವ ನ್ಯಾಯ ಮಾತು ಕಾಯಿಸಲು ಕಲಿಯುವವನ ಹೊಟ್ಟೆಗೆ ಏಕಿರಬಾರದು?

ಇದಕ್ಕೆ ತಂಡಗಳವರು ಹೇಳುವ ಉತ್ತರವನ್ನು ಹಗುರವಾಗಿ ತಳ್ಳಿಹಾಕಲಾಗದು. 'ನಮಗೇ ಗತಿಯಿಲ್ಲ, ಸಭಾಂಗಣದ ಬಾಡಿಗೆ ಹುಟ್ಟುವುದಿಲ್ಲ, ಹುಡುಗರಿಗೆ ಎಲ್ಲಿಂದ ಕೊಡೋಣ?' ಎನ್ನುತ್ತಾರೆ. ನಿಜವೇ. ಆದರೆ ಬಡತನ ಎಲ್ಲರಿಗೂ ಸಮನಾಗಿದ್ದರೆ ಅದು ಒಂದು ಬಗೆಯ ಸಂಸಾರ. ಕೆಳಗಿನವನೊಬ್ಬನಿಗೇ ಇದ್ದರೆ ಅದು ಅನ್ಯಾಯ. ನಿರ್ದೇಶಕನೂ ಸಂಭಾವನೆ ಪಡೆಯದ ತಂಡದಲ್ಲಿ ಶಿಷ್ಯ ಬರಿಗೈಯಲ್ಲಿ ದುಡಿದರೆ ಅವನು ಪಾಲುದಾರ. ಉಳಿದವರೆಲ್ಲ ಪಡೆದು ಅವನೊಬ್ಬನೇ ಪಡೆಯದಿದ್ದರೆ ಅವನನ್ನು ಪಾಲುದಾರ ಎಂದು ಕರೆಯುವುದು ಬರಿಯ ಮಾತಿನ ಚಮತ್ಕಾರ. ಹತ್ತು ಮಂದಿಯನ್ನು ಉಪವಾಸವಿಟ್ಟು ಕಲಿಸುವುದಕ್ಕಿಂತ ಮೂವರಿಗೆ ಉಣಿಸಿ ಕಲಿಸುವುದು ಮೇಲು. ವೀರಣ್ಣನವರ ಆತ್ಮಕಥೆಯ ಹೆಸರು 'ಕಲೆಯೇ ಕಾಯಕ'. ಕಾಯಕ ಎಂಬ ಮಾತನ್ನು ನಾವು ಈಗ ಧಾರಾಳವಾಗಿ ಬಳಸುತ್ತೇವೆ. ಶರಣರು ಅದರ ಜತೆಗೆ ದಾಸೋಹ ಎಂಬ ಇನ್ನೊಂದು ಮಾತನ್ನೂ ಇಟ್ಟಿದ್ದರು. ಮೊದಲನೆಯದನ್ನು ಶಿಷ್ಯನಿಗೆ ಉಪದೇಶಿಸಿ ಎರಡನೆಯದನ್ನು ತಾನು ಮರೆಯುವ ಗುರು ಅರ್ಧ ಧರ್ಮವನ್ನಷ್ಟೇ ಹೇಳಿದಂತೆ.

ಋಣ ಒಂದೇ ಕಡೆಯದಲ್ಲ. ಉಂಡು ಕಲಿತವನಿಗೂ ಕರ್ತವ್ಯವಿದೆ. ಆಟ ಗೊತ್ತಾದ ಮೇಲೆ, ಟಿಕೀಟು ಮಾರಿದ ಮೇಲೆ, ಧಾರಾವಾಹಿಯಲ್ಲಿ ಒಂದು ಸಣ್ಣ ಪಾತ್ರ ಸಿಕ್ಕಿತೆಂದು ತಂಡವನ್ನು ನಡುನೀರಿನಲ್ಲಿ ಬಿಟ್ಟುಹೋಗುವವನು ತನ್ನೊಬ್ಬನ ಹೆಸರನ್ನಷ್ಟೇ ಕೆಡಿಸುವುದಿಲ್ಲ. ಮುಂದೆ ಬರುವ ಹುಡುಗನನ್ನು ಸಂಶಯದಿಂದ ನೋಡುವಂತೆ ಮಾಡುತ್ತಾನೆ. ಒಪ್ಪಿದ ಅವಧಿಯನ್ನು ತುಂಬುವುದು, ತನಗಿಂತ ಹೊಸಬನಿಗೆ ತಾನು ಬಲ್ಲದ್ದನ್ನು ಹೇಳಿಕೊಡುವುದು, ಇವೆರಡು ಅವನ ಪಾಲಿನ ದಕ್ಷಿಣೆ. ಆದರೆ ಅವಧಿಗೆ ಕೊನೆಯೆಂಬುದು ಇರಬೇಕು. ಕೊನೆಯಿಲ್ಲದ ಕೃತಜ್ಞತೆಯನ್ನು ಬೇಡುವ ಗುರು ಶಿಷ್ಯನನ್ನು ಬೆಳೆಸುತ್ತಿಲ್ಲ, ಕಟ್ಟಿಹಾಕುತ್ತಿದ್ದಾನೆ.

ಕಟ್ಟಿಹಾಕದ ಗುರುವಿನ ಉದಾಹರಣೆಗೆ ನಾವು ದೂರ ಹೋಗಬೇಕಾಗಿಲ್ಲ. ಬಂಟ್ವಾಳದ ಕಡೆಯಿಂದ ಮನೆ ಬಿಟ್ಟು ಬಂದ ಹುಡುಗನೊಬ್ಬ ಗುಬ್ಬಿ ಕಂಪೆನಿಗೆ ಸೇರಿಕೊಂಡ. ಅವನಿಗೆ ಓದಿನ ಹಂಬಲವೂ ಇತ್ತು. ವೀರಣ್ಣನವರು ಅವನನ್ನು ಬಣ್ಣದ ಪೆಟ್ಟಿಗೆಯ ಬಳಿಯೇ ಉಳಿಸಿಕೊಳ್ಳಬಹುದಾಗಿತ್ತು. ಓದಲು ಕಾಶಿಗೆ ಕಳಿಸಿದರು. ಅವನೇ ಬಿ. ವಿ. ಕಾರಂತ. ಆತ ಮುಂದೆ ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಕಲಿತು, ಅದಕ್ಕೇ ನಿರ್ದೇಶಕರಾಗಿ, ೧೯೮೯ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿ, ಎಷ್ಟೋ ಯುವಕ ಯುವತಿಯರಿಗೆ ರಂಗದ ಮೇಲೆ ದಾರಿ ತೋರಿಸಿದರು. ಕಂಪೆನಿಯ ಲೆಕ್ಕದ ಪುಸ್ತಕ ನೋಡಿದರೆ ಹಾಗೆ ಕಳಿಸಿದ್ದು ಶುದ್ಧ ನಷ್ಟ: ಉಣಿಸಿ ಬೆಳೆಸಿದ ಹುಡುಗ ದುಡಿಯುವ ವಯಸ್ಸಿಗೆ ಹೊರಟುಹೋದ. ಕನ್ನಡ ರಂಗಭೂಮಿಯ ಲೆಕ್ಕದಲ್ಲಿ ಅಷ್ಟು ದೊಡ್ಡ ಲಾಭ ತಂದ ಹಣ ಹೆಚ್ಚಿಲ್ಲ.

ಕಲಿಯುವವನ ಕೂಲಿ ಎಷ್ಟೆಂದು ರೂಪಾಯಿಯಲ್ಲಿ ಹೇಳುವುದು ಕಷ್ಟ. ಊರು, ಕಾಲ, ತಂಡದ ಶಕ್ತಿ ನೋಡಿ ಅದನ್ನು ಗೊತ್ತುಮಾಡಬೇಕು. ಆದರೆ ಅದರಲ್ಲಿ ಮೂರು ಅಂಶಗಳು ಇರಲೇಬೇಕು: ಇಂದಿಗೆ ಅನ್ನ, ಕೆಲಸದ ಮೇಲೆ ಹಿರಿಯರ ಕಣ್ಣು, ಕಲಿತಾದ ಮೇಲೆ ಹೊರಡಲು ದಾರಿ. ಈ ಮೂರನ್ನೂ ಕೊಡುವ ಕಂಪೆನಿ ತನ್ನ ಹುಡುಗನ ಕೈಗೆ ನಿರ್ಭಯವಾಗಿ ಪೊರಕೆ ಕೊಡಬಹುದು. ಅವನು ಗುಡಿಸುತ್ತಿರುವುದು ತನ್ನದೇ ರಂಗವನ್ನು.