ನಾಶವೋ ಪ್ರತಿಬಂಧವೋ

ಒಂದರ ಹಿಂದೆ ಇನ್ನೊಂದು ನಡೆದ ಮಾತ್ರಕ್ಕೆ ಮೊದಲಿನದು ಎರಡನೆಯದಕ್ಕೆ ಕಾರಣವಾಗುತ್ತದೆಯೇ ಎಂಬುದು ಭಾರತೀಯ ತರ್ಕಶಾಸ್ತ್ರದ ಹಳೆಯ ಪ್ರಶ್ನೆ. ಮೈಸೂರಿನ ದೇವರಾಜ ಮೊಹಲ್ಲಾದ ಅಂಗಡಿ, ಕಚೇರಿಗಳಲ್ಲಿ ಅದು ಇಂದು ಹೊಸ ವೇಷದಲ್ಲಿ ಎದುರಾಗುತ್ತದೆ. ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ಬನ್ನು ಚುಚ್ಚಿದ ಕೂಡಲೇ ಕಂಪ್ಯೂಟರ್ ಆರಿಹೋಗುತ್ತದೆ. ಮತ್ತೆ ಬಟನ್ ಒತ್ತಿದರೆ ಫ್ಯಾನ್ ಕೂಡ ತಿರುಗುವುದಿಲ್ಲ. ಹಬ್ ಹಾಕಿದ್ದಕ್ಕೇ ಹೋಯಿತು ಎಂದು ಒಬ್ಬರು, ರಾಹುಕಾಲದಲ್ಲಿ ಮುಟ್ಟಬಾರದಿತ್ತು ಎಂದು ಇನ್ನೊಬ್ಬರು ಹೇಳುತ್ತಾರೆ. ಎರಡು ಮಾತಿಗೂ ಆಧಾರ ಒಂದೇ: ಅದು ಮುಂಚೆ ಇತ್ತು, ಇದು ಆಮೇಲೆ ಆಯಿತು.

ಇಷ್ಟು ಸಾಲದು ಎನ್ನುತ್ತಾರೆ ನೈಯಾಯಿಕರು, ಅಂದರೆ ನ್ಯಾಯದರ್ಶನದ ತಾರ್ಕಿಕರು. ಕಾರಣವಾದದ್ದು ಕಾರ್ಯಕ್ಕಿಂತ ಮುಂಚೆ ಇರಬೇಕು, ಪ್ರತಿಸಲವೂ ಇರಬೇಕು, ಅದನ್ನು ಬಿಟ್ಟು ಕಾರ್ಯವನ್ನು ವಿವರಿಸಲು ಆಗಬಾರದು. ವಿಶ್ವನಾಥ ಪಂಚಾನನನ ‘ಕಾರಿಕಾವಲೀ’ ಹೀಗೆ ಬಿಟ್ಟುಬಿಡಬಹುದಾದ ಐದು ಬಗೆಯ ಅನ್ಯಥಾಸಿದ್ಧಗಳನ್ನು ಎಣಿಸುತ್ತದೆ; ಕೊನೆಯದು ಕುಂಬಾರನಿಗೆ ಮಣ್ಣು ಹೊತ್ತು ತಂದ ಕತ್ತೆ. ಮಡಕೆಗೆ ಮುಂಚೆ ಕತ್ತೆ ಇದ್ದದ್ದು ನಿಜ, ಆದರೆ ಕತ್ತೆಯಿಲ್ಲದೆಯೂ ಮಡಕೆಯಾಗುತ್ತದೆ. ರಾಹುಕಾಲ ದಿನಕ್ಕೆ ಸುಮಾರು ಒಂದೂವರೆ ಗಂಟೆ ಇರುತ್ತದೆ. ಆ ಹೊತ್ತಿನಲ್ಲಿ ಊರಿನ ಕಂಪ್ಯೂಟರುಗಳೆಲ್ಲ ನಡೆಯುತ್ತಲೇ ಇರುತ್ತವೆ. ಆದ್ದರಿಂದ ಅದು ಇಲ್ಲಿ ಕತ್ತೆಯ ಸ್ಥಾನದಲ್ಲಿದೆ. ಆಯುಧಪೂಜೆಯಂದು ಅದೇ ಕಂಪ್ಯೂಟರಿಗೆ ಕುಂಕುಮ ಹಚ್ಚುವುದು ಬೇರೆ ವಿಷಯ: ಅದು ಕೃತಜ್ಞತೆ, ತರ್ಕಕ್ಕೆ ಅದರೊಡನೆ ಜಗಳವಿಲ್ಲ.

ಹಬ್ ಅಷ್ಟು ಸುಲಭವಾಗಿ ಬಿಟ್ಟುಹೋಗುವುದಿಲ್ಲ, ಏಕೆಂದರೆ ಅದರಿಂದ ಕೇಡಿನವರೆಗೆ ಸರಪಳಿ ತೋರಿಸಬಹುದು. ಯುಎಸ್‌ಬಿ ಪೋರ್ಟಿನಲ್ಲಿ ಇರುವುದು 5 ವೋಲ್ಟ್. ಹಬ್ ತನ್ನ ಅಡಾಪ್ಟರಿನ ವಿದ್ಯುತ್ತನ್ನು ಕಂಪ್ಯೂಟರಿನ ಕಡೆಗೆ ತಳ್ಳಬಾರದೆಂಬುದು ನಿಯಮ. ಅಗ್ಗದ ಕೆಲವು ಹಬ್ಬುಗಳಲ್ಲಿ ಆ ತಡೆ ಇರುವುದಿಲ್ಲ. ಆಗ ಹಿಂದಿನಿಂದ ನುಗ್ಗಿದ ವಿದ್ಯುತ್ತಿನಿಂದ ಮದರ್‌ಬೋರ್ಡ್ ಅರೆಎಚ್ಚರದಲ್ಲಿ ಸಿಕ್ಕಿಕೊಂಡು, ಬಟನ್ ಒತ್ತಿದರೂ ಏಳದೆ ಇರಬಹುದು. ಏನೂ ಸುಟ್ಟಿರುವುದಿಲ್ಲ. ದೊಡ್ಡ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕಿನ 12 ವೋಲ್ಟ್ ಅಡಾಪ್ಟರನ್ನು, ಪಿನ್ ಕೂಡುತ್ತದೆಂದು 5 ವೋಲ್ಟಿನ ಹಬ್ಬಿಗೆ ಸಿಕ್ಕಿಸಿದ್ದರೆ ಮಾತ್ರ ಬೋರ್ಡಿನ ಚಿಪ್ಪುಗಳೇ ಸುಡಬಹುದು.

ಮೊದಲನೆಯದು ಪ್ರತಿಬಂಧ, ಎರಡನೆಯದು ನಾಶ. ಈ ಭೇದದ ಮೇಲೆ ಶಾಸ್ತ್ರಕಾರರು ಬಹಳ ವಾದ ಮಾಡಿದ್ದಾರೆ. ಒಂದು ಬಗೆಯ ಮಣಿ ಹತ್ತಿರವಿದ್ದರೆ ಬೆಂಕಿ ಸುಡುವುದಿಲ್ಲ ಎಂಬುದು ಅವರ ಉದಾಹರಣೆ. ಬೆಂಕಿಯೊಳಗೆ ಶಕ್ತಿ ಎಂಬ ಬೇರೆ ಪದಾರ್ಥವಿದೆ, ಮಣಿ ಅದನ್ನು ಕುಂದಿಸುತ್ತದೆ ಎಂದರು ಮೀಮಾಂಸಕರು. ನೈಯಾಯಿಕರು ಒಪ್ಪಲಿಲ್ಲ: ಬೆಂಕಿಗೆ ಏನೂ ಆಗಿಲ್ಲ, ಪ್ರತಿಬಂಧಕ ಇಲ್ಲದಿರುವುದೂ ಸುಡುವುದಕ್ಕೆ ಬೇಕಾದ ಕಾರಣಗಳಲ್ಲಿ ಒಂದು, ಅಷ್ಟೆ. ಹಬ್ ಕಿತ್ತ ಮೇಲೆ ಎದ್ದುಕೂರುವ ಕಂಪ್ಯೂಟರಿನ ವಿಷಯದಲ್ಲಿ ನೈಯಾಯಿಕರ ಮಾತೇ ಸರಿ.

ಆಗಿರುವುದು ಪ್ರತಿಬಂಧವೋ ನಾಶವೋ ಎಂದು ತಿಳಿಯಲು ದಾರಿ ವ್ಯತಿರೇಕ, ಅಂದರೆ ಶಂಕಿತ ಕಾರಣವನ್ನು ತೆಗೆದು ನೋಡುವುದು. ಹಬ್, ಪ್ರಿಂಟರ್, ಪೆನ್‌ಡ್ರೈವ್ ಎಲ್ಲವನ್ನೂ ಕೀಳಬೇಕು. ಗೋಡೆಯ ಪ್ಲಗ್ ತೆಗೆದು, ಉಳಿದ ವಿದ್ಯುತ್ ಇಳಿಯಲೆಂದು ಪವರ್ ಬಟನ್ನನ್ನು 30 ಸೆಕೆಂಡ್ ಒತ್ತಿ ಹಿಡಿಯಬೇಕು. ಆಮೇಲೆ ಕೀಬೋರ್ಡ್, ಮಾನಿಟರ್ ಎರಡನ್ನೇ ಇಟ್ಟು ಚಾಲೂ ಮಾಡಬೇಕು. ಎದ್ದರೆ ಅದು ಪ್ರತಿಬಂಧ. ಏಳದಿದ್ದರೆ ಕೆಲಸ ಬಲ್ಲವರು ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಎಸ್‌ಎಂಪಿಎಸ್‌ನ ನೇರಳೆ ತಂತಿಯಲ್ಲಿ 5 ವೋಲ್ಟ್ ಇದೆಯೇ ಎಂದು ಮಲ್ಟಿಮೀಟರಿನಿಂದ ನೋಡಿ, ಬೇರೆ ಎಸ್‌ಎಂಪಿಎಸ್ ಹಾಕಿ ಪರೀಕ್ಷಿಸುತ್ತಾರೆ. ಅದರಿಂದ ಎದ್ದರೆ ಕೆಟ್ಟದ್ದು ಎಸ್‌ಎಂಪಿಎಸ್. ಆಗಲೂ ಏಳದಿದ್ದರೆ ಅನುಮಾನ ಬೋರ್ಡಿನ ಮೇಲೆ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಮನೆಯಲ್ಲಿ ಬಿಚ್ಚಬಾರದು, ಅದರ ಕೆಪಾಸಿಟರುಗಳಲ್ಲಿ ಪ್ಲಗ್ ತೆಗೆದ ಮೇಲೂ 300 ವೋಲ್ಟಿಗೆ ಮೇಲ್ಪಟ್ಟ ವಿದ್ಯುತ್ ಉಳಿದಿರಬಹುದು.

ಹಬ್ಬನ್ನು ಇನ್ನೊಂದು ಕಂಪ್ಯೂಟರಿಗೆ ಚುಚ್ಚಿ ಪರೀಕ್ಷಿಸುವುದು ತಪ್ಪು. ಅದನ್ನೂ ಮೊದಲು ಮೀಟರಿನಿಂದಲೇ ಅಳೆಯಬೇಕು. ಹಬ್ ಸರಿಯಾಗಿದ್ದು ಎಸ್‌ಎಂಪಿಎಸ್‌ನ ಕೆಪಾಸಿಟರುಗಳು ಮೊದಲೇ ಉಬ್ಬಿದ್ದರೆ, ಹಬ್ ಹೆಚ್ಚೆಂದರೆ ಕೊನೆಯ ನಿಮಿತ್ತ. ಅದರ ಮೇಲೆ ಪೂರ್ತಿ ತಪ್ಪು ಹೊರಿಸುವುದು ನ್ಯಾಯವಲ್ಲ.

ಬೋರ್ಡ್ ಸುಟ್ಟಿದ್ದರೂ ಹಾರ್ಡ್ ಡಿಸ್ಕಿನ ಕಡತಗಳು ಅನೇಕ ಸಲ ಉಳಿದಿರುತ್ತವೆ. ಡಿಸ್ಕನ್ನು ಕಳಚಿ ಬೇರೆಡೆ ಜೋಡಿಸಿ ನೋಡುವ ತನಕ ಎಲ್ಲವೂ ಹೋಯಿತೆಂದು ಯಾರೂ ತೀರ್ಮಾನಿಸಬಾರದು.