ಹೊರಡುವವರ ದಿಗ್ವ್ರತ

ಅಳದಂಗಡಿ, ವೇಣೂರು, ನಾರಾವಿ, ಮೂಡುಬಿದಿರೆಗಳ ಆಸುಪಾಸಿನ ಮನೆಗಳಿಂದ ಮಕ್ಕಳು ದೂರದ ಊರುಗಳಿಗೆ ಹೊರಡುವುದು ಹೊಸ ಸಂಗತಿಯೇನೂ ಅಲ್ಲ. ಎರಡು ಮೂರು ತಲೆಮಾರುಗಳ ಹಿಂದೆ ಮುಂಬಯಿಯ ಹೋಟೆಲುಗಳಿಗೂ ಗಿರಣಿಗಳಿಗೂ ಬ್ಯಾಂಕುಗಳಿಗೂ ಹೋದವರ ಮೊಮ್ಮಕ್ಕಳು ಇಂದು ಅಮೇರಿಕೆಗೆ ಹೊರಡುತ್ತಾರೆ. ಅದೂ ನ್ಯೂಯಾರ್ಕ್, ಷಿಕಾಗೋಗಳಂಥ ಮಹಾನಗರಗಳಿಗೇ ಎಂದಲ್ಲ, ಮೂರು ಲಕ್ಷದಷ್ಟು ಜನರಿರುವ ಪಿಟ್ಸ್‌ಬರ್ಗಿನಂಥ ನಡುಗಾತ್ರದ ಊರುಗಳಿಗೆ. ಹೊರಡುವ ಮುನ್ನ ತಿಳಿದಿರಬೇಕಾದ ವಿಷಯಗಳನ್ನು ಮೊದಲು ಹೋದವರು ಹೇಳಿಕೊಡುತ್ತಾರೆ: ಮನೆಬಾಡಿಗೆಯ ಕರಾರು ಸಾಮಾನ್ಯವಾಗಿ ಒಂದು ವರ್ಷದ್ದು, ಕಾರಿಲ್ಲದವನಿಗೆ ಅಂಗಡಿಯೂ ವೈದ್ಯನೂ ಸ್ನೇಹಿತನೂ ದೂರ, ಸಾಲ ಪಡೆದು ಸಕಾಲದಲ್ಲಿ ತೀರಿಸಿದ ಚರಿತ್ರೆಯಿಲ್ಲದವನನ್ನು ಅಲ್ಲಿನ ಬ್ಯಾಂಕು ನಂಬುವುದಿಲ್ಲ, ವೈದ್ಯಕೀಯ ವಿಮೆ ಬಹುಮಟ್ಟಿಗೆ ಉದ್ಯೋಗಕ್ಕೆ ಅಂಟಿಕೊಂಡಿರುವುದು. ಇವೆಲ್ಲ ತಿಳಿದಿರತಕ್ಕವೇ. ಆದರೆ ಇವೆಲ್ಲಕ್ಕೂ ಹಿಂದಣದಾದ ಒಂದು ಪ್ರಶ್ನೆಯುಂಟು. ಅದನ್ನು ಕೇಳುವವರು ವಿರಳ. ಮನುಷ್ಯನು ಎಷ್ಟು ದೂರದವರೆಗೆ ಹೋಗುವುದು ಯುಕ್ತ, ಆ ದೂರವನ್ನು ನಿರ್ಣಯಿಸತಕ್ಕವರಾರು?

ಈ ಪ್ರಶ್ನೆಯನ್ನು ನಮ್ಮ ಸೀಮೆಯ ಒಂದು ಪ್ರಾಚೀನ ಧರ್ಮ ಅತ್ಯಂತ ಗಂಭೀರವಾಗಿ ಕೈಗೆತ್ತಿಕೊಂಡಿತ್ತು. ಜೈನ ಗೃಹಸ್ಥನಿಗೆ ಹೇಳಲ್ಪಟ್ಟ ಹನ್ನೆರಡು ವ್ರತಗಳಲ್ಲಿ, ಐದು ಅಣುವ್ರತಗಳ ಬೆನ್ನಿಗೇ ಬರುವ ಗುಣವ್ರತಗಳಲ್ಲಿ, ದಿಗ್ವ್ರತವೆಂಬುದು ಮೊದಲನೆಯದು. ನಾಲ್ಕು ದಿಕ್ಕು, ನಾಲ್ಕು ವಿದಿಕ್ಕು, ಮೇಲೆ, ಕೆಳಗೆ, ಹೀಗೆ ಹತ್ತು ಕಡೆಗೂ ತಾನು ಇಷ್ಟರ ಆಚೆಗೆ ಹೋಗೆನೆಂದು ಶ್ರಾವಕನು ಜೀವಿತಾವಧಿಗೆ ಎಲ್ಲೆಯನ್ನು ಹಾಕಿಕೊಳ್ಳತಕ್ಕದ್ದು. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಈ ಎಲ್ಲೆಗೆ ಸಾಗರ, ನದಿ, ಅಡವಿ, ಗಿರಿ, ಜನಪದ, ಯೋಜನ ಇವುಗಳನ್ನು ಗುರುತಾಗಿ ಸೂಚಿಸುತ್ತದೆ. ಈ ವ್ರತದ ಹಿಂದಿನ ತರ್ಕ ಅಪೂರ್ವವಾದದ್ದು. ಗೃಹಸ್ಥನಾದವನು ಉಳುವನು, ಅಡುವನು, ವ್ಯಾಪಾರ ಮಾಡುವನು. ಆದುದರಿಂದ ಅವನಿಂದ ಹಿಂಸೆ ಸರ್ವಥಾ ತಪ್ಪದು. ಆದರೆ ತಾನು ಎಂದಿಗೂ ಕಾಲಿಡೆನೆಂದು ಬಿಟ್ಟುಕೊಟ್ಟ ಪ್ರದೇಶದಲ್ಲಿ ಅವನಿಂದ ಸೂಕ್ಷ್ಮವಾದ ಪಾಪವೂ ಆಗದಿರುವುದರಿಂದ, ಆ ಎಲ್ಲೆಯ ಹೊರಗಣ ಲೋಕದ ಮಟ್ಟಿಗೆ ಸಾಮಾನ್ಯನಾದ ಒಕ್ಕಲಿಗನೂ ಮಹಾವ್ರತಿಯಾದ ಮುನಿಗೆ ಸಮಾನನಾಗುವನು. ನಾವು ಹೋಗದಿರುವ ಊರುಗಳಿಗೂ ನಮ್ಮಿಂದ ಒಂದು ಉಪಕಾರವುಂಟೆಂದು ಹೇಳಿದ ಇಂಥ ಚಿಂತನೆಯನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಬಾಹುಬಲಿಯ ಕಥೆಯನ್ನು ಈ ವ್ರತದ ಬೆಳಕಿನಲ್ಲಿ ನೋಡಿದರೆ ಅದರ ಅರ್ಥ ಇನ್ನಷ್ಟು ಆಳವಾಗುತ್ತದೆ. ಅಳದಂಗಡಿಯಲ್ಲಿ ಅರಮನೆಯುಳ್ಳ ಅಜಿಲವಂಶದ ತಿಮ್ಮಣ್ಣ ಅಜಿಲನು 1604ರಲ್ಲಿ ವೇಣೂರಿನ ಫಲ್ಗುಣಿ ನದಿಯ ದಡದಲ್ಲಿ ಬಾಹುಬಲಿಯ ಮೂವತ್ತೈದು ಅಡಿಗಳ ಮೂರ್ತಿಯನ್ನು ಪ್ರತಿಷ್ಠಾಪಿಸಿದನು. ಬಾಹುಬಲಿಯ ಅಣ್ಣನಾದ ಭರತನು ಷಟ್ಖಂಡಗಳನ್ನು ಜಯಿಸಿ, ತನ್ನ ಹೆಸರನ್ನು ಕೊರೆಯಿಸಲೆಂದು ವೃಷಭಾಚಲಕ್ಕೆ ಹೋದಾಗ ಆ ಬಂಡೆಯ ತುಂಬ ಹಿಂದಿನ ಚಕ್ರವರ್ತಿಗಳ ಹೆಸರುಗಳೇ ಇದ್ದು, ಅವುಗಳಲ್ಲೊಂದನ್ನು ಅಳಿಸಿಯೇ ತನ್ನದನ್ನು ಬರೆಯಿಸಬೇಕಾಯಿತೆಂದು ಪುರಾಣ ಹೇಳುತ್ತದೆ. ದಿಕ್ಕುಗಳನ್ನು ಗೆದ್ದವನ ಗತಿ ಅದು. ತಮ್ಮನಾದರೋ ಕೈಗೆ ಬಂದ ಜಯವನ್ನೇ ಬಿಟ್ಟು ಒಂದೆಡೆ ನಿಂತನು. ಕನ್ನಡನಾಡಿನಲ್ಲಿ ಬಹುಜನ ಹೇಳಿಕೊಂಡು ಬಂದ ಕಥೆಯಂತೆ, ತಾನು ನಿಂತ ನೆಲ ಅಣ್ಣನದೆಂಬ ಒಂದು ಶಲ್ಯವು ಅವನ ಮನಸ್ಸಿನಲ್ಲಿ ಉಳಿದು, ಅದು ಕರಗುವವರೆಗೆ ಕೇವಲಜ್ಞಾನ ದೊರೆಯಲಿಲ್ಲ. ಪರರ ನೆಲದ ಮೇಲೆ ನಿಲ್ಲುವುದರ ಭಾರವನ್ನು ಸರ್ವವನ್ನೂ ತ್ಯಜಿಸಿದವನೂ ಅನುಭವಿಸಿದನೆಂದಮೇಲೆ, ವೀಸಾ ಪಡೆದು ಉದ್ಯೋಗಕ್ಕೆ ಹೋಗುವವನು ಅದನ್ನು ಅನುಭವಿಸದಿರುವುದು ಹೇಗೆ?

ಸಮುದ್ರಯಾನದ ನಿಷೇಧವನ್ನು ಇಲ್ಲಿ ಬೇರೆಯಾಗಿ ನೋಡಬೇಕು. ಬೌಧಾಯನ ಧರ್ಮಸೂತ್ರವು ಕಡಲನ್ನು ದಾಟುವುದನ್ನು ಪಾತಿತ್ಯಕ್ಕೆ ಕಾರಣವಾದ ಕರ್ಮಗಳಲ್ಲಿ ಎಣಿಸಿತು. 1893ರಲ್ಲಿ ಷಿಕಾಗೋ ನಗರದ ಸರ್ವಧರ್ಮ ಸಮ್ಮೇಳನಕ್ಕೆ ಆಹ್ವಾನಿತರಾದ ಜೈನಾಚಾರ್ಯ ಆತ್ಮಾರಾಮಜಿಯವರು ಮುನಿಧರ್ಮದ ಕಾರಣದಿಂದ ಹಡಗು ಹತ್ತಲಾರದೆ, ಗೃಹಸ್ಥರಾದ ವೀರಚಂದ ಗಾಂಧಿಯವರನ್ನು ಕಳುಹಿಸಿದರು. ಕಡಲು ದಾಟಿದ್ದಕ್ಕಾಗಿ ಆ ಗೃಹಸ್ಥರೂ ಸ್ವಜನರ ಆಕ್ಷೇಪವನ್ನು ಕೇಳಬೇಕಾಯಿತು. ನೂರು ವರ್ಷಗಳಿಗೂ ಹೆಚ್ಚು ಕಾಲ ಕಳೆದು 2008ರಲ್ಲಿ, ನಮ್ಮ ಪಕ್ಕದ ಉಡುಪಿಯಲ್ಲಿ, ವಿದೇಶಯಾತ್ರೆ ಮಾಡಿದ ಪುತ್ತಿಗೆ ಮಠದ ಸ್ವಾಮಿಗಳು ಪರ್ಯಾಯಪೀಠವನ್ನೇರಿ ಕೃಷ್ಣವಿಗ್ರಹವನ್ನು ಸ್ಪರ್ಶಿಸಿ ಪೂಜಿಸಬಹುದೇ ಎಂಬ ವಾದ ಎದ್ದಿತು. ಈ ನಿಷೇಧವು ಹೊರಗಿನಿಂದ ಬಂದದ್ದು, ಎಲ್ಲರಿಗೂ ಒಂದೇ ಆದದ್ದು, ಕಡಲನ್ನೇ ಕಳಂಕವೆಂದು ಭಾವಿಸಿದ್ದು. ದಿಗ್ವ್ರತವಾದರೋ ಹೋಗುವವನೇ ತನ್ನ ಶಕ್ತಿಯನ್ನೂ ಪ್ರಯೋಜನವನ್ನೂ ತೂಗಿನೋಡಿ ಹಾಕಿಕೊಂಡ ಗೆರೆ. ಮೊದಲನೆಯದು ಸಡಿಲವಾದ ಕಾಲದಲ್ಲಿ ಎರಡನೆಯದೂ ಅನಾವಶ್ಯಕವಾಯಿತೆಂದು ನಾವು ಭಾವಿಸಿಬಿಟ್ಟೆವು. ಇದು ನನ್ನ ದೃಷ್ಟಿಯಲ್ಲಿ ದೊಡ್ಡ ನಷ್ಟ. ಕಡಲನ್ನು ದಾಟುವವನಿಗೇ ಗೆರೆ ಹೆಚ್ಚು ಅವಶ್ಯಕ. ಅವನು ಹೋಗಲಿ, ಹೋಗುವ ಮುನ್ನ ತನ್ನ ಎಲ್ಲೆಗಳನ್ನು ತಾನೇ ನಿಶ್ಚಯಿಸಿಕೊಂಡು ಹೋಗಲಿ.

ಯಾವ ಎಲ್ಲೆಗಳು? ಮೊದಲನೆಯದು ದೇಹಕ್ಕೆ ಸಂಬಂಧಿಸಿದ್ದು. ಏಕೆಂದರೆ ದೇಹವೊಂದೇ ಅಖಂಡವಾಗಿ ನಮ್ಮೊಡನೆ ಬರುವುದು. ರಾತ್ರಿಭೋಜನತ್ಯಾಗವನ್ನೇ ತೆಗೆದುಕೊಳ್ಳಿ. ನಮ್ಮೂರಿನಲ್ಲಿ ಸೂರ್ಯನು ವರ್ಷವಿಡೀ ಆರು ಗಂಟೆಗೂ ಏಳು ಗಂಟೆಗೂ ನಡುವೆಯೇ ಮುಳುಗುವುದರಿಂದ, ಸೂರ್ಯಾಸ್ತಕ್ಕೆ ಮೊದಲು ಉಣ್ಣುವ ವ್ರತವು ಮನೆಯ ಸಹಜವಾದ ವೇಳೆಯೊಡನೆ ಹೊಂದಿಕೊಂಡುಬಿಡುತ್ತದೆ, ಆಚರಿಸುವವನಿಗೆ ತಾನು ಆಚರಿಸುತ್ತಿರುವುದೇ ತಿಳಿಯದು. ಪಿಟ್ಸ್‌ಬರ್ಗಿನಲ್ಲಿ ಜೂನ್ ತಿಂಗಳ ಸೂರ್ಯನು ಒಂಬತ್ತು ಗಂಟೆಯ ಹತ್ತಿರದವರೆಗೆ ಆಕಾಶದಲ್ಲಿರುವನು. ಡಿಸೆಂಬರಿನಲ್ಲಿ ಐದಕ್ಕೂ ಮೊದಲೇ ಮರೆಯಾಗುವನು. ಬೇಸಗೆಯಲ್ಲಿ ವ್ರತಕ್ಕೆ ಯಾವ ಕಷ್ಟವೂ ಇಲ್ಲ. ಚಳಿಗಾಲದಲ್ಲಿ ಕಛೇರಿಯ ಮೇಜಿನ ಮೇಲೆಯೇ, ಸಹೋದ್ಯೋಗಿಗಳ ಕುತೂಹಲದ ನಡುವೆ, ಸಂಜೆಯ ಊಟವನ್ನು ಮುಗಿಸಬೇಕಾಗುವುದು. ಇಲ್ಲಿ ಸಾಧಕನು ನಿಜವಾಗಿಯೂ ಆಲೋಚಿಸಬೇಕಾಗುತ್ತದೆ. ವ್ರತದ ಜೀವ ಸೂರ್ಯನಲ್ಲಿದೆಯೋ, ಕತ್ತಲಲ್ಲಿ ಕಾಣದೆ ಸಾಯುವ ಜೀವಿಗಳ ಮೇಲಣ ಕರುಣೆಯಲ್ಲಿದೆಯೋ, ಅಥವಾ ನಾಲಗೆಯನ್ನು ಕಟ್ಟಿಹಾಕುವ ಸಂಯಮದಲ್ಲಿದೆಯೋ? ವಿದ್ಯುದ್ದೀಪದ ಬೆಳಕಿನಲ್ಲಿ ಜೀವಿ ಕಾಣುವುದೆಂದು ವಾದಿಸಿ ವ್ರತವನ್ನು ಬಿಡುವವರನ್ನು ಬಲ್ಲೆ. ಕರುಣೆಯ ಅಂಶಕ್ಕೆ ಅವರು ಉತ್ತರ ಕೊಟ್ಟರು, ಸಂಯಮದ ಅಂಶಕ್ಕೆ ಕೊಡಲಿಲ್ಲವೆಂದೇ ನನಗೆ ತೋರುತ್ತದೆ. ಪೂರ್ಣವಾಗಿ ಆಗದಿದ್ದರೆ ವಾರಕ್ಕೆ ಇಷ್ಟು ದಿನ, ವರ್ಷಕ್ಕೆ ಇಷ್ಟು ತಿಂಗಳು ಎಂದು ಗೆರೆ ಹಾಕಿಕೊಳ್ಳುವುದು ಮೇಲು. ಕಾಲಮಿತಿಯುಳ್ಳ ಇಂಥ ತ್ಯಾಗಕ್ಕೆ ಶಾಸ್ತ್ರದಲ್ಲಿಯೇ ನಿಯಮವೆಂಬ ಹೆಸರುಂಟು.

ಊಟದ ಮಾತು ಬಂದಾಗ ಇನ್ನೊಂದನ್ನು ಸ್ಪಷ್ಟವಾಗಿ ಹೇಳಬೇಕು. ಊರಿನಲ್ಲಿ ಸಸ್ಯಾಹಾರವೆಂಬುದು ಅಡುಗೆಮನೆಯ ವಿಷಯ. ಅಲ್ಲಿ ಅದು ಓದಿನ ವಿಷಯ. ಮಕ್ಕಳ ಮಿಠಾಯಿಗಳಲ್ಲಿ ಬಹಳಷ್ಟಕ್ಕೆ ಹಾಕುವ ಜೆಲಾಟಿನ್ ಪ್ರಾಣಿಗಳ ಎಲುಬು ಚರ್ಮಗಳಿಂದ ತೆಗೆದದ್ದು. ಕೆಲವು ಚೀಸುಗಳನ್ನು ಹೆಪ್ಪುಗಟ್ಟಿಸುವ ರೆನೆಟ್ ಕರುವಿನ ಜಠರದಿಂದ ಬಂದದ್ದು. ಪೊಟ್ಟಣದ ಹಿಂದಿನ ಸಣ್ಣ ಅಕ್ಷರಗಳನ್ನು ಓದುವ ತಾಳ್ಮೆಯೇ ಅಲ್ಲಿ ಅಹಿಂಸೆಯ ಅಭ್ಯಾಸ. ಪರಿಗ್ರಹಪರಿಮಾಣದ, ಅಂದರೆ ಆಸ್ತಿಗೆ ಎಲ್ಲೆ ಹಾಕಿಕೊಳ್ಳುವ ವ್ರತದ ಮಾತೂ ಹಾಗೆಯೇ. ಆ ಊರುಗಳಲ್ಲಿ ಮನೆಗಳು ವಿಶಾಲ, ಸಾಮಾನು ಸುಲಭ. ಮನೆಯಲ್ಲಿ ಹಿಡಿಸದ ವಸ್ತುಗಳನ್ನು ತುಂಬಿಡುವುದಕ್ಕೆಂದೇ ಊರ ಅಂಚಿನಲ್ಲಿ ತಿಂಗಳ ಬಾಡಿಗೆಯ ಕೋಣೆಗಳ ಸಾಲುಗಳುಂಟು. ಸಂಪತ್ತಿಗೆ ಎಲ್ಲೆ ಹಾಕಿಕೊಳ್ಳದೆ ಹೋದವನು ಅಲ್ಲಿ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಕಂಗಾಲಾಗುವನು.

ಎರಡನೆಯ ಎಲ್ಲೆ ನೆಲಕ್ಕೆ ಸಂಬಂಧಿಸಿದ್ದು. ಇದರಲ್ಲಿ ತುಳುನಾಡಿನವನ ಸಂಕಟ ಇತರರಿಗಿಂತ ಹೆಚ್ಚು. ದೇವರು ಸರ್ವಾಂತರ್ಯಾಮಿ, ತಿರುಪತಿಯ ವೆಂಕಟೇಶ್ವರನ ಗುಡಿ 1977ರಲ್ಲಿಯೇ ಪಿಟ್ಸ್‌ಬರ್ಗಿನ ಪೆನ್ ಹಿಲ್ಸಿನಲ್ಲಿ ಎದ್ದಿತು, ಸಮೀಪದ ಮನ್ರೋವಿಲ್ಲಿನಲ್ಲಿ ಹಿಂದೂ ದೇವತೆಗಳೂ ಜಿನಬಿಂಬಗಳೂ ಒಂದೇ ಸೂರಿನಡಿಯಲ್ಲಿ ನೆಲೆಸಿವೆ. ಜೈನ ಹೆಗ್ಗಡೆಯವರ ಧರ್ಮಾಧಿಕಾರದಲ್ಲಿ, ವೈಷ್ಣವ ಅರ್ಚಕರ ಕೈಯಲ್ಲಿ ಪೂಜೆಗೊಳ್ಳುವ ಮಂಜುನಾಥನನ್ನು ಧರ್ಮಸ್ಥಳದಲ್ಲಿ ಕಂಡು ಬೆಳೆದ ನಮಗೆ ಆ ಸಹವಾಸ ಅಪರಿಚಿತವೇನೂ ಅಲ್ಲ. ಆದರೆ ದೈವಗಳ ಮಾತು ಬೇರೆ. ಮನೆಯ ಪಂಜುರ್ಲಿಗೆ ಕೊಡುವ ತಂಬಿಲ, ಮೂಲಸ್ಥಾನದ ನಾಗಬನ, ಭೂಮಿತಾಯಿ ಮುಟ್ಟಾದಳೆಂದು ಮಣ್ಣನ್ನು ಅಗೆಯದಿರುವ ಕೆಡ್ಡಸದ ದಿನಗಳು, ಇವೆಲ್ಲ ಈ ಮಣ್ಣಿನ, ಈ ಮಳೆಯ, ಈ ಬೇಸಾಯದ ಬೆನ್ನಿಗೆ ಹುಟ್ಟಿದವು. ಕೆಡ್ಡಸದ ಫೆಬ್ರವರಿಯಲ್ಲಿ ಆ ಊರಿನ ಮಣ್ಣು ಹಿಮದಡಿಯಲ್ಲಿ ಗಟ್ಟಿಯಾಗಿರುವುದು. ದೈವವನ್ನು ಜೊತೆಗೆ ಕರೆದೊಯ್ಯುವೆನೆಂಬ ಭ್ರಮೆಯನ್ನು ಹೊರಡುವವನು ಬಿಡಬೇಕು. ಅದು ಮಣ್ಣಿನ ಒಡೆತನವುಳ್ಳ ಶಕ್ತಿ, ಹೋದವನ ಹಿಂದೆ ಬರತಕ್ಕದ್ದಲ್ಲ. ಅವನಿಂದ ಆಗತಕ್ಕದ್ದು ಇಷ್ಟೇ: ಇಲ್ಲಿಯ ಹೊಣೆಯನ್ನು ಇಂಥವರು ನಡೆಸತಕ್ಕದ್ದೆಂದು ಕುಟುಂಬದವರೊಡನೆ ಕುಳಿತು, ಬಾಯಿ ತುಂಬ ಮಾತಾಡಿ, ಖರ್ಚಿನ ಪಾಲನ್ನೂ ನಿಶ್ಚಯಿಸಿ ಹೊರಡುವುದು. ಹಣವನ್ನು ಮಾತ್ರ ಕಳುಹಿಸಿ ಮಾತನ್ನು ನಿಲ್ಲಿಸಿದವರ ಮನೆಗಳಲ್ಲಿ ಮನಸ್ತಾಪ ಬೆಳೆದುದನ್ನು ಕಂಡಿದ್ದೇನೆ.

ಕಲ್ಕುಡ ಕಲ್ಲುರ್ಟಿಯರ ಪಾಡ್ದನವು ಇಲ್ಲಿ ನೆನಪಾಗದೆ ಇರದು. ಕಾರ್ಕಳದ ಗೊಮ್ಮಟನನ್ನು ಕಡೆದ ಶಿಲ್ಪಿ ಕಲ್ಕುಡನ ಎಡಗೈಯನ್ನೂ ಬಲಗಾಲನ್ನೂ ಅರಸನು ಕಡಿಸಿದನೆಂದೂ, ಅವನು ಉಳಿದ ಕೈಕಾಲಿನಿಂದಲೇ ವೇಣೂರಿನ ಮೂರ್ತಿಯನ್ನು ಕಡೆದನೆಂದೂ ಆ ಕಥೆ ಹೇಳುತ್ತದೆ. ಕಾರ್ಕಳದ ಮೂರ್ತಿ 1432ರದು, ವೇಣೂರಿನದು 1604ರದು. ಚರಿತ್ರೆಯ ಲೆಕ್ಕ ಕೂಡುವುದಿಲ್ಲ. ಆದರೂ ಈ ಪ್ರಾಂತದವರು ಆ ಕಥೆಯನ್ನು ಬಿಡದಿರುವುದಕ್ಕೆ ಕಾರಣವುಂಟು: ಕೆಲಸಕ್ಕೆಂದು ಪರಸೀಮೆಗೆ ಹೋದವನನ್ನು ಹುಡುಕಿಕೊಂಡು ಬಂದ ತಂಗಿ ಕಲ್ಲುರ್ಟಿಯ ಕಥೆ ಅದು. ಹೋಗುವವನು ಮಾತ್ರ ಹೋಗುವುದಿಲ್ಲ. ಉಳಿದವಳ ನಿದ್ರೆಯೂ ಅವನೊಡನೆ ಹೋಗುತ್ತದೆ. ಅಪ್ಪೆ ಅಮ್ಮೆಯರ ಮುಪ್ಪು ಎಂಬುದು ಯಾವ ದಿಕ್ಕಿನ ಎಲ್ಲೆಯೊಳಗೆ ಬರುತ್ತದೆಂದು ಹೊರಡುವ ಮಗನೂ ಮಗಳೂ ಅಣ್ಣತಂಗಿಯರೂ ಸೇರಿ ಮೊದಲೇ ಆಲೋಚಿಸಿರಬೇಕು. ದೇಶಾಂತರದಲ್ಲಿ ಸಂಭವಿಸಿದ ಮರಣದ ವಾರ್ತೆ ಹತ್ತು ದಿನದೊಳಗೆ ತಲುಪಿದರೆ ಉಳಿದ ದಿನಗಳ ಸೂತಕ, ಅನಂತರವಾದರೆ ಮೂರು ರಾತ್ರಿ, ವರ್ಷ ಕಳೆದಿದ್ದರೆ ಸ್ನಾನಮಾತ್ರ ಎಂದು ಮನುಸ್ಮೃತಿ ಹೇಳಿತು. ದೂರದ ಊರಿನ ಸುದ್ದಿಗಾಗಿ ಕಾಯುವವರನ್ನು ಶಾಸ್ತ್ರಕಾರರು ಮರೆತಿರಲಿಲ್ಲ. ಈಗ ವಾರ್ತೆ ಕ್ಷಣದಲ್ಲಿ ತಲುಪುವುದು, ಹೋದವನು ಊರು ತಲುಪುವುದಕ್ಕೆ ಮಾತ್ರ ಒಂದೆರಡು ದಿನ ಬೇಕು.

ಹೋದ ನೆಲದ ಋಣವೂ ಉಂಟು. ಅಲ್ಲೆಘೆನಿ, ಮೊನೊಂಗಹೇಲ ನದಿಗಳು ಕೂಡಿ ಒಹಾಯೋ ಆಗುವ ಪಿಟ್ಸ್‌ಬರ್ಗಿನ ಆ ಸಂಗಮದಲ್ಲಿ 1754ರಲ್ಲಿ ಫ್ರೆಂಚರು ಕೋಟೆ ಕಟ್ಟುವ ಮುನ್ನವೇ ಮೂಲನಿವಾಸಿಗಳಿದ್ದರು. ನದಿಗಳಿಗೆ ಅವರಿಟ್ಟ ಹೆಸರುಗಳೇ ಉಳಿದಿವೆ. ಮನೆಯೆದುರಿನ ಕಾಲುದಾರಿಯ ಹಿಮವನ್ನು ಆ ಮನೆಯವನೇ ತೆಗೆಯಬೇಕೆಂಬ ಕಟ್ಟಳೆ ಅಲ್ಲಿಯ ಅನೇಕ ನಗರಗಳಲ್ಲಿದೆ. ದಂಡದ ಭಯದಿಂದ ತೆಗೆಯುವುದೂ ಒಂದೇ, ದಾರಿಯಲ್ಲಿ ಹೋಗುವ ವೃದ್ಧೆ ಜಾರಬಾರದೆಂದು ತೆಗೆಯುವುದೂ ಒಂದೇ ಎಂದು ನಾನು ಭಾವಿಸಲಾರೆ.

ದಿಗ್ವ್ರತಕ್ಕೆ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರ ಎಣಿಸಿದೆ. ಮೇಲೆ, ಕೆಳಗೆ, ಅಡ್ಡವಾಗಿ ಎಲ್ಲೆ ಮೀರುವುದು ಮೂರು. ನಾಲ್ಕನೆಯದು ಕ್ಷೇತ್ರವೃದ್ಧಿ, ಅಂದರೆ ಹಾಕಿದ ಗೆರೆಯನ್ನು ಲೋಭದಿಂದ ಮುಂದಕ್ಕೆ ಸರಿಸುವುದು. ಐದನೆಯದು ಸ್ಮೃತ್ಯಂತರಾಧಾನ, ಹಾಕಿದ ಗೆರೆಯನ್ನೇ ಮರೆಯುವುದು. ಮರೆವೆಯನ್ನು ದೋಷಗಳಲ್ಲಿ ಸೇರಿಸಿದವರು ಮನುಷ್ಯಸ್ವಭಾವವನ್ನು ಎಷ್ಟು ಬಲ್ಲವರಾಗಿದ್ದರು! ಐದು ವರ್ಷ ದುಡಿದು ಬರುವೆನೆಂದು ಹೊರಟವನು ಗೆರೆಯನ್ನು ಮೀರುವುದಿಲ್ಲ. ಮಗುವಿನ ಶಾಲೆಗಾಗಿ, ಮನೆಯ ಸಾಲಕ್ಕಾಗಿ, ಒಂದೊಂದು ಸಕಾರಣದಿಂದ ಅದನ್ನು ಸರಿಸುತ್ತಾ ಹೋಗಿ, ಕೊನೆಗೊಂದು ದಿನ ಗೆರೆಯೊಂದಿತ್ತೆಂಬುದೇ ನೆನಪಿನಲ್ಲಿರುವುದಿಲ್ಲ. ಆ ದೇಶದ ಕಾನೂನೂ ಇದಕ್ಕೆ ಒದಗಿಬರುತ್ತದೆ: ಎಚ್-1ಬಿ ವೀಸಾ ಮೊದಲು ಮೂರು ವರ್ಷಕ್ಕೆ, ಅನಂತರ ಒಟ್ಟು ಆರಕ್ಕೆ; ಶಾಶ್ವತ ವಾಸದ ಪತ್ರಕ್ಕೆ ಅರ್ಜಿ ಹಾಕಿದವನಿಗೆ ಅದು ಮುಂದುವರಿಯುವುದು. ಒಂದೊಂದು ದೇಶದವರಿಗೆ ಶೇಕಡಾ 7ರ ಮಿತಿ ಇರುವುದರಿಂದ ಭಾರತೀಯರ ಸರದಿ ದಶಕಗಳವರೆಗೆ ಎಳೆಯುವುದು. ಅಷ್ಟರಲ್ಲಿ ಮಕ್ಕಳಿಗೆ 21 ತುಂಬಿ ತಂದೆತಾಯಿಯರ ಅರ್ಜಿಯ ಆಶ್ರಯ ಅವರಿಗೆ ತಪ್ಪಿಹೋಗುವ ಸಂಭವವೂ ಉಂಟು. ಕಾಯುವಿಕೆಯೇ ಬದುಕಾದವನು ಎಲ್ಲೆಯನ್ನು ಎಲ್ಲಿ ಹಾಕಿಯಾನು?

ಆದುದರಿಂದ ಹೊರಡುವವರಿಗೆ ನಾನು ಹೇಳುವುದು, ತಮ್ಮ ಮನಸ್ಸನ್ನೊಂದನ್ನೇ ನಂಬಿ ಗೆರೆ ಹಾಕಿಕೊಳ್ಳಬೇಡಿರೆಂದು. ಸರಿಸಲು ತಮಗೆ ಅಧಿಕಾರವಿಲ್ಲದ ಗುರುತನ್ನು ಆರಿಸಿಕೊಳ್ಳಿರೆಂದು. ವೇಣೂರಿನ ಮಹಾಮಸ್ತಕಾಭಿಷೇಕ 2000ದಲ್ಲಿ, 2012ರಲ್ಲಿ, 2024ರಲ್ಲಿ ನಡೆಯಿತು. ಇದೇ ಕ್ರಮ ನಡೆದರೆ ಮುಂದಿನದು 2036ರಲ್ಲಿ ಬರುವುದು. ಯಾರ ಸಾಲ ತೀರಲಿ ತೀರದಿರಲಿ, ಯಾರ ವೀಸಾ ಎಲ್ಲಿಯೇ ಇರಲಿ, ಅದರ ದಿನವನ್ನು ಊರವರು ಸೇರಿ ಗೊತ್ತುಮಾಡುವರು. ಹಿಂತಿರುಗುವುದೋ, ಅಲ್ಲಿಯೇ ನೆಲೆಸುವುದೋ ಎಂಬ ನಿರ್ಣಯವನ್ನು ಆ ದಿನ ಊರಿಗೆ ಬಂದು, ಮನೆಯ ಹಿರಿಯರ ಮುಂದೆ ಬಾಯಿಬಿಟ್ಟು ಹೇಳುವೆನೆಂದು ಈಗಲೇ ಅವರಿಗೆ ಮಾತು ಕೊಟ್ಟು ಹೊರಡಿರಿ.