ಗುಟ್ಟು ಬಲ್ಲವನೇ ಒಡೆಯನೇ?

ಬಿಟ್‌ಕಾಯಿನ್ ವ್ಯಾಲೆಟ್ ಎಂಬ ಹೆಸರೇ ದಾರಿ ತಪ್ಪಿಸುವಂಥದ್ದು. ಅದರೊಳಗೆ ನೋಟಿಲ್ಲ, ನಾಣ್ಯವಿಲ್ಲ, ಬಿಟ್‌ಕಾಯಿನ್ ಕೂಡ ಇಲ್ಲ. ಇರುವುದು ಒಂದು ದೊಡ್ಡ ಸಂಖ್ಯೆ, ಅದೇ ಖಾಸಗಿ ಕೀಲಿ. ಹಣ ಎಂಬುದು ಜಗತ್ತಿನ ಸಾವಿರಾರು ಕಂಪ್ಯೂಟರುಗಳು ಒಟ್ಟಾಗಿ ಕಾಯ್ದುಕೊಂಡಿರುವ ಲೆಕ್ಕದ ಪುಸ್ತಕದ ಒಂದು ಸಾಲು ಅಷ್ಟೆ. ಆ ಸಾಲನ್ನು ಮತ್ತೊಂದು ವಿಳಾಸಕ್ಕೆ ದಾಟಿಸಲು ರುಜು ಬೇಕು. ರುಜು ಹಾಕಲು ಆ ಸಂಖ್ಯೆ ಗೊತ್ತಿರಬೇಕು.

ಖಾಸಗಿ ಕೀಲಿಯಿಂದ ಸಾರ್ವಜನಿಕ ಕೀಲಿ ಹುಟ್ಟುತ್ತದೆ. ಅದನ್ನು ಗಣಿತದ ಗಾಣದಲ್ಲಿ ಅರೆದರೆ ವಿಳಾಸ ಸಿಗುತ್ತದೆ. ಎಣ್ಣೆಯಿಂದ ಮತ್ತೆ ಎಳ್ಳು ಮಾಡಲಾಗದ ಹಾಗೆ ವಿಳಾಸದಿಂದ ಕೀಲಿಗೆ ಹಿಂದಿರುಗುವ ದಾರಿಯಿಲ್ಲ. 1ರಿಂದ ಶುರುವಾಗುವ ಹಳೆಯ ಬಗೆಯ ವಿಳಾಸಗಳಲ್ಲಿ ಸೊನ್ನೆಯೂ ಇಂಗ್ಲಿಷಿನ ದೊಡ್ಡ ‘ಓ’ ಅಕ್ಷರವೂ ಇರುವುದಿಲ್ಲ, ಕಣ್ಣು ಮೋಸಹೋಗಬಾರದೆಂದು. ಕೊನೆಯಲ್ಲಿ ತಾಳೆ ನೋಡುವ ಅಕ್ಷರಗಳೂ ಇರುತ್ತವೆ. ಒಂದಕ್ಷರ ತಪ್ಪಿ ಬರೆದರೆ ವ್ಯಾಲೆಟ್ ಅದನ್ನು ಒಪ್ಪುವುದಿಲ್ಲ. ಆದರೆ ಸರಿಯಾಗಿ ಬರೆದ ವಿಳಾಸ ಮೋಸಗಾರನದ್ದಾಗಿದ್ದರೆ? ಹಣ ಹೋಯಿತು. ಕೈಯ ತಪ್ಪನ್ನು ಹಿಡಿಯುವ ಈ ವ್ಯವಸ್ಥೆಗೆ ನಂಬಿಕೆಯ ತಪ್ಪು ಕಾಣಿಸುವುದಿಲ್ಲ.

ಇಲ್ಲಿಯೇ ಪ್ರಶ್ನೆ ಏಳುತ್ತದೆ. ಗುಟ್ಟು ಬಲ್ಲವನೇ ಒಡೆಯನೇ? ಕದ್ದು ಕೀಲಿ ತಿಳಿದವನ ರುಜುವಿಗೂ ದುಡಿದು ಗಳಿಸಿದವನ ರುಜುವಿಗೂ ಆ ಪುಸ್ತಕದಲ್ಲಿ ವ್ಯತ್ಯಾಸವಿಲ್ಲ. ಕೀಲಿಯನ್ನು ಯಾರಿಗೂ ಹೇಳದೆ ಸತ್ತವನ ಮಕ್ಕಳಿಗೆ ಅಪ್ಪನ ಹಣ ಕಾಣುತ್ತದೆ, ಕೈಗೆಟಕುವುದಿಲ್ಲ. ನಮ್ಮ ಊರುಗಳಲ್ಲಿ ಒಡೆತನವೆಂದರೆ ಹಾಗಲ್ಲ. ಬದುವಿನ ಕಲ್ಲು ಯಾರದೆಂದು ಪಕ್ಕದ ಹೊಲದವನಿಗೆ ಗೊತ್ತು. ಪತ್ರ ಸುಟ್ಟುಹೋದರೂ ನಾಲ್ಕು ಜನ ಬಂದು ಹೇಳಬಲ್ಲರು. ಬಿಟ್‌ಕಾಯಿನ್ ಪುಸ್ತಕವನ್ನು ಇಡೀ ಜಗತ್ತು ಓದಬಹುದು, ಆದರೂ ಅಲ್ಲಿ ಸಾಕ್ಷಿ ಹೇಳುವವರು ಒಬ್ಬರೂ ಇಲ್ಲ.

ಆದರೆ ಊರಿನ ಸಾಕ್ಷಿಯನ್ನು ಹೊಗಳಿ ನಿಲ್ಲಿಸಿದರೆ ಅದು ಅರ್ಧಸತ್ಯ. ಅದೇ ನಾಲ್ಕು ಜನ ಸೇರಿ ವಿಧವೆಯ ಹೊಲವನ್ನು ಮೈದುನನ ಪಾಲಿಗೆ ಬಿಡಿಸಿದ್ದೂ ಉಂಟು. ದಾಖಲೆ ತಿದ್ದುವ ಕೈಗಳೂ ಉಂಟು. 2009ರ ಜನವರಿ 3ರ ದಿನಾಂಕ ಹೊತ್ತ ಬಿಟ್‌ಕಾಯಿನ್ನಿನ ಮೊದಲ ಬ್ಲಾಕಿನಲ್ಲಿ, ಬ್ಯಾಂಕುಗಳಿಗೆ ಸರ್ಕಾರ ಮತ್ತೆ ನೆರವು ಕೊಡುವ ಬಗ್ಗೆ ಅಂದಿನ ಲಂಡನ್ ಪತ್ರಿಕೆಯೊಂದರ ತಲೆಬರಹ ಅಡಗಿದೆ. ನಂಬಿದ ಸಂಸ್ಥೆಗಳೇ ಕೈಕೊಟ್ಟ ಕಾಲ ಅದು. ಸುತ್ತಲಿನ ಸಾಕ್ಷಿಗಳೆಲ್ಲ ತನಗೆ ವಿರುದ್ಧವಾಗಿರುವವರಿಗೆ, ಯಾರ ಒಪ್ಪಿಗೆಯನ್ನೂ ಬೇಡದ ಗುಟ್ಟು ದೊಡ್ಡ ಆಸರೆ. ಕ್ಷಮಿಸಬಲ್ಲ ವ್ಯವಸ್ಥೆ ಲಂಚಕ್ಕೂ ಬಗ್ಗಬಲ್ಲದು. ಬಗ್ಗದ ವ್ಯವಸ್ಥೆಗೆ ಕ್ಷಮೆಯೂ ಗೊತ್ತಿಲ್ಲ.

ಈ ಇಕ್ಕಟ್ಟು ಬಯಲಿಗೆ ಬಂದದ್ದು 2016ರಲ್ಲಿ, ಇಥೀರಿಯಂ ಜಾಲದಲ್ಲಿ. ‘ದಿ ಡಾವೋ’ ಎಂಬ ಸಾಮೂಹಿಕ ನಿಧಿಯ ಕೋಡ್‌ನಲ್ಲಿದ್ದ ದೋಷವೊಂದನ್ನು ಬಳಸಿ ಜೂನ್ 17ರಂದು ಯಾರೋ ಸುಮಾರು 36 ಲಕ್ಷ ಈಥರ್ ಸೆಳೆದುಕೊಂಡರು. ಕೋಡ್ ಕೊಟ್ಟದ್ದನ್ನೇ ತೆಗೆದುಕೊಂಡರೆ ಕಳ್ಳತನ ಹೇಗಾಗುತ್ತದೆ ಎಂದು ವಾದಿಸಿದವರಿದ್ದರು. ಬಹುಪಾಲು ಜನ ಒಪ್ಪಲಿಲ್ಲ. ಜುಲೈ 20ರಂದು ಲೆಕ್ಕದ ಪುಸ್ತಕದ ನಿಯಮವನ್ನೇ ಬದಲಿಸಿ, ಹಣ ಕಳೆದುಕೊಂಡವರಿಗೆ ಅದು ಮರಳುವಂತೆ ಮಾಡಿದರು. ಒಪ್ಪದವರು ಹಳೆಯ ಪುಸ್ತಕವನ್ನೇ ಮುಂದುವರಿಸಿದರು. ಅದು ಇಂದಿಗೂ ಇಥೀರಿಯಂ ಕ್ಲಾಸಿಕ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ.

ಎರಡೂ ಕಡೆಯವರಲ್ಲಿ ಪ್ರಾಮಾಣಿಕರಿದ್ದರು. ಇಂದು ಕಳ್ಳನಿಂದ ಕಿತ್ತುಕೊಂಡ ಕೈ ನಾಳೆ ನಿರಪರಾಧಿಯಿಂದಲೂ ಕಿತ್ತುಕೊಂಡೀತು ಎಂಬ ಅಂಜಿಕೆ ಹುರುಳಿಲ್ಲದ್ದಲ್ಲ. ಆದರೂ ನನಗೆ ಮುಖ್ಯವೆನಿಸುವುದು ಇನ್ನೊಂದು ಸಂಗತಿ. ಮನುಷ್ಯರ ತೀರ್ಪು ಬೇಡವೆಂದು ಕಟ್ಟಿದ ಊರಿನಲ್ಲಿಯೂ ನೋವಾದ ದಿನ ಜನ ಪಂಚಾಯಿತಿ ಸೇರಿದರು. ‘ಇದು ಅವನ ಕೈಯಲ್ಲಿದೆ, ಆದರೆ ಅವನದಲ್ಲ’ ಎಂದು ಹೇಳಿದರು. ಆ ಮಾತನ್ನು ಯಾವ ಗಣಿತವೂ ಹೇಳಲಾರದು. ಕೀಲಿ ಒಂದು ವಸ್ತುವನ್ನು ಹಿಡಿದಿಡಬಲ್ಲದು. ಅದು ನನ್ನದಾಗಬೇಕಾದರೆ, ‘ಹೌದು, ನಿನ್ನದೇ’ ಎನ್ನುವ ಇನ್ನೊಬ್ಬರು ಬೇಕು. ಆ ಇನ್ನೊಬ್ಬರು ಸುಳ್ಳು ಹೇಳಬಹುದೆಂಬ ಭಯವನ್ನೂ ಹೊತ್ತುಕೊಂಡೇ ನಾವು ಒಟ್ಟಿಗೆ ಬಾಳಬೇಕಾಗಿದೆ.